ಜಾರ್ಜ್ ರಿಡ್ಲಿ: ಟೈನ್ ನದಿ ದಂಡೆಯ ಹಾಸ್ಯ ಗಾಯಕ

ಜಾರ್ಜ್ ರಿಡ್ಲಿ (1835–1864): ಇಂಗ್ಲೆಂಡಿನ ಈಶಾನ್ಯ ಭಾಗದ ಟೈನ್‌ಸೈಡ್ ಪ್ರದೇಶದ ಗಾಯಕ, ಗೀತರಚನಕಾರ ಹಾಗೂ ಹಾಸ್ಯ ಕಲಾವಿದ. ಜನರು ಪ್ರೀತಿಯಿಂದ ಕರೆದ ಹೆಸರು ‘ಜೋರ್ಡಿ’ ರಿಡ್ಲಿ. ಆ ಸೀಮೆಯ ಆಡುನುಡಿಗೂ ಇದೇ ಹೆಸರು. ಲಂಡನ್ನಿನ ಶ್ರೋತೃಗಳಿಗೆ ಸುಲಭವಾಗಿ ಅರ್ಥವಾಗದ ಆ ನುಡಿಯಲ್ಲಿಯೇ ಆತನ ಮುಖ್ಯ ರಚನೆಗಳಿವೆ.

ಹುಟ್ಟಿದ್ದು ಗೇಟ್ಸ್‌ಹೆಡ್ ಪಟ್ಟಣದಲ್ಲಿ. ಎಂಟನೆಯ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಸೇರಿದ. ಕತ್ತಲಲ್ಲಿ ಕುಳಿತು, ಬಂಡಿಗಳು ಬಂದಾಗ ಗಾಳಿಯಾಟದ ಬಾಗಿಲನ್ನು ತೆರೆದು ಮುಚ್ಚುವುದು ಅಲ್ಲಿ ಅವನ ಕೆಲಸ. ಹತ್ತು ವರ್ಷದೊಳಗಿನ ಬಾಲಕರನ್ನು ಗಣಿಯೊಳಗೆ ದುಡಿಸಬಾರದೆಂಬ ಕಾಯಿದೆ 1842ರಲ್ಲಿಯೇ ಅಂಗೀಕಾರವಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಮುಂದೆ ಹಾಕ್ಸ್, ಕ್ರಾಷೆ ಕಬ್ಬಿಣದ ಕಾರ್ಖಾನೆಯಲ್ಲಿ ವ್ಯಾಗನ್ನುಗಳ ಮೇಲಿನ ಕೆಲಸ ದೊರೆಯಿತು. ಹಿಡಿತ ತಪ್ಪಿ ಓಡಿದ ವ್ಯಾಗನ್ನುಗಳ ನಡುವೆ ಸಿಕ್ಕಿ ತೀವ್ರವಾಗಿ ಜಖಂಗೊಂಡ ರಿಡ್ಲಿ ದುಡಿಮೆಗೆ ಅಸಮರ್ಥನಾದ. ಉಳಿದದ್ದು ಕಂಠವೊಂದೇ.

ಆಗ ಮ್ಯೂಸಿಕ್ ಹಾಲ್‌ಗಳ ಕಾಲ. ಮದ್ಯ ಸೇವಿಸುತ್ತ ಹಾಡು, ಕುಣಿತ, ಹಾಸ್ಯ ನೋಡುವ ಈ ರಂಗಮಂದಿರಗಳಿಗೆ ಕಾರ್ಮಿಕರು ತುಂಬಿಬರುತ್ತಿದ್ದರು. ಮೊದಲು ಐರಿಷ್ ಹಾಸ್ಯಗೀತೆಗಳನ್ನು ಹಾಡುತ್ತಿದ್ದ ರಿಡ್ಲಿ ಬಹುಬೇಗ ಊರಿನ ವಿಷಯಗಳತ್ತ ಹೊರಳಿದ. ಸಭಿಕರಿಗೆ ಪರಿಚಿತನಾದ ಡಂಗುರದವನನ್ನು ಅನುಕರಿಸಿ ನಗಿಸಿದ. ಹ್ಯಾರಿ ಕ್ಲಿಫ್ಟನ್‌ನ ‘ಪಾಲಿ ಪರ್ಕಿನ್ಸ್’ ಎಂಬ ಲಂಡನ್ ಗೀತೆಯ ಧಾಟಿಗೆ ‘ಕುಶಿ ಬಟರ್‌ಫೀಲ್ಡ್’ ಕಟ್ಟಿದ. ಮೂಲದ ನಾಜೂಕಿನ ಚೆಲುವೆ ಇಲ್ಲಿ ಹಳದಿ ಜೇಡಿಮಣ್ಣು ಮಾರುವ, ಬಿಯರ್ ಪ್ರಿಯಳಾದ ದಢೂತಿ ಹೆಣ್ಣು. ಪ್ರೇಮಿ ಒಬ್ಬ ದೋಣಿಯಾಳು.

ಆತನ ಹೆಸರನ್ನು ಉಳಿಸಿದ ಗೀತೆ ‘ಬ್ಲೇಡನ್ ರೇಸಸ್’. 1862ರ ಜೂನ್ 5ರಂದು ನ್ಯೂಕ್ಯಾಸಲ್‌ನ ಬಾಮ್‌ಬ್ರಾಸ್ ಮ್ಯೂಸಿಕ್ ಹಾಲ್‌ನಲ್ಲಿ, ಹುಟ್ಟುಹಾಕುವ ಸ್ಪರ್ಧೆಗಳ ವೀರ ಹ್ಯಾರಿ ಕ್ಲ್ಯಾಸ್ಪರ್‌ನ ಗೌರವಾರ್ಥ ಏರ್ಪಟ್ಟ ಕಾರ್ಯಕ್ರಮದಲ್ಲಿ ಇದನ್ನು ಹಾಡಿದ. ವಿಚಿತ್ರವೆಂದರೆ ಗೀತೆಯಲ್ಲಿ ಬರುವ ಕುದುರೆ ಪಂದ್ಯದ ಪ್ರಯಾಣದ ದಿನ ಜೂನ್ 9! ಪಂದ್ಯದ ದಿನದ ಮಳೆ, ಕೆಸರಿನ ವಿವರವುಳ್ಳ ನುಡಿ ನಂತರ ಸೇರಿದ್ದಿರಬೇಕು. ಕುದುರೆ ಬಸ್ಸಿನ ಚಕ್ರ ಕಳಚಿ ಹಾರುತ್ತದೆ, ಪ್ರಯಾಣಿಕರು ಗಾಯಗೊಂಡು ಆಸ್ಪತ್ರೆ ಸೇರುತ್ತಾರೆ. ಆದರೂ ಸವಾರಿ ನಿಲ್ಲುವುದಿಲ್ಲ. ಗಾಲಿಗಳ ಕೆಳಗೆ ಬದುಕು ಮುರಿದುಕೊಂಡವನೇ ಈ ಅಪಘಾತವನ್ನು ಹಾಸ್ಯವಾಗಿಸಿದ್ದಾನೆ. ಇನ್ನೊಂದು ಚಾತುರ್ಯವೂ ಉಂಟು: ಬ್ಲೇಡನ್ ತಲುಪಿದಾಗ ಅಲ್ಲಿನ ಡಂಗುರದವನು ಸಾರುತ್ತಿರುವುದು ಸ್ವತಃ ರಿಡ್ಲಿಯ ಮುಂದಿನ ಕಛೇರಿಯನ್ನು. ಗೀತೆಯೊಳಗೇ ಜಾಹೀರಾತು!

ಹಳೆಯ ಗಾಯದಿಂದ ಪೂರ್ತಿ ಚೇತರಿಸಿಕೊಳ್ಳದ ರಿಡ್ಲಿ 1864ರ ಸೆಪ್ಟೆಂಬರಿನಲ್ಲಿ, 29ನೆಯ ವಯಸ್ಸಿನಲ್ಲಿ, ತೀರಿಕೊಂಡ. ಬ್ಲೇಡನ್ನಿನ ಕುದುರೆ ಪಂದ್ಯಗಳು 1916ರಲ್ಲಿ ಗಲಭೆಯೊಂದಿಗೆ ಕೊನೆಗೊಂಡವು. ಗೀತೆ ಮಾತ್ರ ನ್ಯೂಕ್ಯಾಸಲ್ ಯುನೈಟೆಡ್ ಫುಟ್‌ಬಾಲ್ ಅಭಿಮಾನಿಗಳ ಬಾಯಲ್ಲಿದೆ. ಗೀತೆಯ ಹಾದಿಯನ್ನೇ ಹಿಡಿದು ನ್ಯೂಕ್ಯಾಸಲ್‌ನಿಂದ ಬ್ಲೇಡನ್‌ಗೆ ಸಾಗುವ ಓಟದ ಸ್ಪರ್ಧೆಯೊಂದು 1981ರಲ್ಲಿ ಆರಂಭವಾಯಿತು. ಅದಕ್ಕೆ ಗೊತ್ತುಮಾಡಿದ ದಿನವೂ ಜೂನ್ 9.