ಬೆಚ್ಚನೆಯ ಹಾಲು, ಬೆಚ್ಚಿದ ಬೆಕ್ಕು

ದರ್ಶಿನಿಯ ಕಾಫಿ ಕೌಂಟರಿನಲ್ಲಿ ಹುಡುಗನೊಬ್ಬ ಗೆಳೆಯನಿಗೆ ಹೇಳುತ್ತಿದ್ದ: ‘ಸಿಲ್ಕ್ ಬೋರ್ಡ್ ಸಿಗ್ನಲ್ ನಂಗೆ ಟ್ರಾಮಾ ಆಗ್ಬಿಟ್ಟಿದೆ ಮಗಾ.’ ಗೆಳೆಯನೇನು ಕಡಿಮೆಯೇ? ಮ್ಯಾನೇಜರ್ ದೆಸೆಯಿಂದ ತನಗೆ ಪಿಟಿಎಸ್‌ಡಿಯೇ ಬಂದಿದೆ ಎಂದ. ಇಬ್ಬರೂ ನಗುತ್ತಾ ಇಡ್ಲಿ ವಡೆ ಮುಗಿಸಿದರು. ಈಗೀಗ ಯಾರಿಗೂ ಬೇಜಾರಾಗುವುದಿಲ್ಲ, ತಲೆ ಚಿಟ್ಟು ಹಿಡಿಯುವುದಿಲ್ಲ, ರೇಜಿಗೆಯಾಗುವುದಿಲ್ಲ; ಎಲ್ಲಕ್ಕೂ ಟ್ರಾಮಾ ಒಂದೇ. ಪತ್ರಿಕೆಗಳ ಕನ್ನಡವೂ ಅಷ್ಟರಲ್ಲೇ ಇದೆ. ಷೇರುಪೇಟೆ ಕುಸಿದರೂ ಆಘಾತ, ಕ್ಯಾಪ್ಟನ್ ಸೊನ್ನೆಗೆ ಔಟಾದರೂ ಆಘಾತ.

ಟ್ರಾಮಾದ ಮೂಲ ಯಾವ ನಿಘಂಟಿನಲ್ಲಾದರೂ ಸಿಗುತ್ತದೆ, ಅದು ನನಗೆ ಬೇಡ. ನನ್ನ ಕಣ್ಣು ನಮ್ಮ ‘ಬೆಚ್ಚು’ ಮೇಲೆ. ಹಳಗನ್ನಡದಲ್ಲಿ ಇದು ‘ಬೆರ್ಚು’. ಗದ್ದೆಯಲ್ಲಿ ಹಕ್ಕಿ ಹೆದರಿಸಲು ನಿಂತ ಬೆರ್ಚಪ್ಪ ಆ ಅರ್ಕಾವತ್ತನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಇಷ್ಟನ್ನು ಪಂಡಿತರೂ ಒಪ್ಪುತ್ತಾರೆ. ಬೆಚ್ಚುವುದೂ ಬೆಚ್ಚಗಿರುವುದೂ ಒಂದೇ ಒಲೆಯಿಂದ ಎದ್ದವು ಎಂಬ ನನ್ನ ಹಟವನ್ನು ಮಾತ್ರ ಒಪ್ಪುವುದಿಲ್ಲ. ‘ಬೆಚ್ಚನೆ’ ಬೇಯುವುದರ ಕಡೆಯದು, ಇವೆರಡಕ್ಕೂ ನೆಂಟಸ್ತನವಿಲ್ಲ ಎಂದು ಭಾಷಾಶಾಸ್ತ್ರದ ಮೇಷ್ಟ್ರು ಗದರುತ್ತಾರೆ. ಗದರಲಿ. ನನ್ನ ಪರ ಸಾಕ್ಷಿಗೆ ತೆನಾಲಿ ರಾಮಕೃಷ್ಣನ ಬೆಕ್ಕಿದೆ.

ಕೃಷ್ಣದೇವರಾಯ ಇಲಿಕಾಟ ತಾಳಲಾರದೆ ಮನೆಗೊಂದು ಬೆಕ್ಕನ್ನೂ, ಅದರ ಹಾಲಿಗೆಂದು ಒಂದು ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣ ಮೊದಲ ದಿನವೇ ಬೆಕ್ಕಿಗೆ ಕುದಿಯುವ ಹಾಲಿಟ್ಟ. ನಾಲಿಗೆ ಸುಟ್ಟ ಬೆಕ್ಕು ಮತ್ತೆ ಹಾಲಿನ ಹತ್ತಿರ ಸುಳಿಯಲಿಲ್ಲ. ಹಾಲೆಲ್ಲ ಯಜಮಾನನ ಹೊಟ್ಟೆಗೆ. ತುಂಬಿದ ಸಭೆಯಲ್ಲಿ ರಾಜನ ಎದುರೇ ಬಟ್ಟಲು ಇಟ್ಟರೂ ಓಡಿಹೋಯಿತು. ಸಭೆ ನಕ್ಕಿತು, ನಾವೂ ಇಂದಿಗೂ ನಗುತ್ತಿದ್ದೇವೆ. ಬೆಕ್ಕಿನ ಕಡೆಯಿಂದ ಈ ಕಥೆ ಹೇಳಿದವರಿಲ್ಲ. ಸಭೆಯಲ್ಲಿಟ್ಟ ಹಾಲು ತಣ್ಣಗೇ ಇದ್ದಿರಬೇಕು. ಮೂಸಿ ನೋಡುವಷ್ಟು ಪುರಸೊತ್ತನ್ನೂ ಮೈ ಕೊಡಲಿಲ್ಲ. ಬಿಳಿ ಕಂಡದ್ದೇ ಕಾಲು ಕಿತ್ತಿತು. ಬೆಚ್ಚುವುದೆಂದರೆ ಇದು. ಯೋಚನೆ ಎದ್ದು ಕೂರುವಷ್ಟರಲ್ಲಿ ಮೈ ಬೀದಿ ದಾಟಿರುತ್ತದೆ.

ಆ ಬೆಕ್ಕು ರಾತ್ರಿ ಏನು ಕನಸು ಕಂಡಿತೋ ಕಥೆ ಹೇಳುವುದಿಲ್ಲ. ಮನುಷ್ಯರು ಹೇಳುತ್ತಾರೆ. ಲಾರಿ ಗುದ್ದಿ ಬದುಕುಳಿದವನು ಹಾರ್ನ್ ಕೇಳಿ ಬೆವರುತ್ತಾನೆ, ಆ ರಸ್ತೆ ತಪ್ಪಿಸಿ ಊರೆಲ್ಲ ಸುತ್ತುತ್ತಾನೆ, ನಿದ್ದೆಯಿಂದ ಚೀರಿ ಏಳುತ್ತಾನೆ, ಹೆಂಡತಿ ಮಕ್ಕಳ ಮೇಲೆ ಹರಿಹಾಯುತ್ತಾನೆ, ಜೊತೆಯಲ್ಲಿದ್ದವನು ಸತ್ತದ್ದು ತನ್ನಿಂದಲೇ ಎಂದು ಕೊರಗುತ್ತಾನೆ. ಹೆಚ್ಚಿನವರಿಗೆ ಇದು ದಿನ ಕಳೆದಂತೆ ಇಳಿಯುತ್ತದೆ. ತಿಂಗಳು ದಾಟಿದರೂ ಬಿಡದೆ ಕೆಲಸ, ಸಂಸಾರ ಎರಡನ್ನೂ ಕೆಡಿಸಿದರೆ ವೈದ್ಯರು ಪಿಟಿಎಸ್‌ಡಿಯ ಅನುಮಾನ ಪಡುತ್ತಾರೆ. ಸಿಗ್ನಲ್ಲಿಗೂ ಅದೇ ಹೆಸರು ಖರ್ಚು ಮಾಡಿದರೆ ಈ ಮನುಷ್ಯ ಬಾಯಿಬಿಟ್ಟಾಗ ಯಾರು ನಂಬಬೇಕು?

ಹೆಸರಿನ ಚರಿತ್ರೆ ಚಿಕ್ಕದು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ವೈದ್ಯ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬೆಚ್ಚಿದ ಸೈನಿಕರ ಪಾಡನ್ನು ಶೆಲ್ ಶಾಕ್ ಎಂದು ಬರೆದ, ಶೆಲ್ಲಿನ ಹತ್ತಿರವೇ ಇಲ್ಲದ ಸೈನಿಕರೂ ನಡುಗುತ್ತಿದ್ದುದರಿಂದ ಆ ಹೆಸರು ಕೂರಲಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡು ನೋಡಿದ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ ಸೇರಿತು. ಮರುವರ್ಷ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಅವರ ತಂದೆತಾಯಿಯರ ಬಾಯಲ್ಲಿ ಟ್ರಾಮಾ ಎಂಬ ಮಾತೇ ಇದ್ದಿರಲಾರದು.

ನಮ್ಮಜ್ಜಿಯ ಬಾಯಲ್ಲೂ ಇರಲಿಲ್ಲ. ಮಗು ನಿದ್ದೆಯಲ್ಲಿ ಕಿಟಾರನೆ ಕಿರುಚಿದರೆ ‘ಬೆಚ್ಚಿದೆ’ ಎನ್ನುತ್ತಿದ್ದಳೇ ಹೊರತು ಪುಕ್ಕಲು ಎನ್ನುತ್ತಿರಲಿಲ್ಲ. ಅಂತ್ರ ಕಟ್ಟಿಸುತ್ತಿದ್ದಳು. ಕಟ್ಟಿಸುವವರು ಈಗಲೂ ಕಟ್ಟಿಸಲಿ, ಆದರೆ ಆಸ್ಪತ್ರೆಯ ದಾರಿಯನ್ನೂ ಹಿಡಿಯಲಿ.

ಅಲ್ಲಿ ಮಾಡುವುದಾದರೂ ಏನು? ರಾಮಕೃಷ್ಣನ ಬೆಕ್ಕನ್ನು ಹಾಲಿಗೆ ಮರಳಿಸಬೇಕಿದ್ದರೆ ಮೊದಲು ಖಾಲಿ ಬಟ್ಟಲು ತೋರಿಸಬೇಕಿತ್ತು, ಆಮೇಲೆ ದೂರದಲ್ಲೊಂದು ತಣ್ಣನೆಯ ಹನಿ. ಪಳಗಿದ ಚಿಕಿತ್ಸಕರು, ರೋಗಿಯ ಒಪ್ಪಿಗೆ ಪಡೆದು, ನಡೆದದ್ದನ್ನು ಹಂತಹಂತವಾಗಿ ಹೇಳಿಸುತ್ತಾರೆ. ತಪ್ಪಿಸಿಕೊಂಡ ರಸ್ತೆಗೂ ಹಾಗೆಯೇ ಮೆಲ್ಲಗೆ ಮರಳಿಸುತ್ತಾರೆ. ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಎಂಬ ಕ್ರಮವಿದೆ, ಸರ್ಟ್ರಲೀನ್‌ನಂಥ ಮಾತ್ರೆಗಳಿವೆ. ನಿದ್ದೆಮಾತ್ರೆಯನ್ನು ತಾನೇ ತಂದು ನುಂಗುವುದು ಇದರಲ್ಲಿ ಸೇರದು. ನೋಡಲು ಬಂದ ನೆಂಟರೆಲ್ಲ ‘ಏನಾಯ್ತು, ಮೊದಲಿಂದ ಹೇಳು’ ಎಂದು ಪೀಡಿಸುವುದಂತೂ ಮತ್ತೊಮ್ಮೆ ಕುದಿಹಾಲನ್ನೇ ಮುಂದಿಟ್ಟಂತೆ.

ಜಿಲ್ಲಾ ಮಟ್ಟದಲ್ಲಿ ಮನೋಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿಯೂ ಇದೆ. 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪಿಟಿಎಸ್‌ಡಿಗಿರುವ ‘ಆಘಾತೋತ್ತರ ಒತ್ತಡ ಅಸ್ವಸ್ಥತೆ’ ಎಂಬ ಸರ್ಕಾರಿ ಧಾಟಿಯ ಹೆಸರನ್ನು ಬಾಯಿಪಾಠ ಮಾಡಿಕೊಂಡು ಯಾರೂ ಫೋನೆತ್ತಬೇಕಿಲ್ಲ. ‘ರಾತ್ರಿ ಬೆಚ್ಚಿ ಬೀಳ್ತೀನ್ರೀ, ಆ ರಸ್ತೇಲಿ ಹೋಗೋಕಾಗಲ್ಲ’ ಎಂದರೆ ಅವರಿಗೆ ಅರ್ಥವಾಗುತ್ತದೆ.