ಸಾಲಗಾಮೆ ರಸ್ತೆಯಿಂದ ಆಕಾಶಕ್ಕೆ: ಹಾಸನ ಮತ್ತು ನಮ್ಮ ಉಪಗ್ರಹಗಳ ಚರಿತ್ರೆ



ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅಲ್ಲಿನ ಚರ್ಚ್‌ಗೆ ಈಗ ಮಾಡಿಲ್ಲ. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರು ಏರಿದಾಗ ಅದು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಪೂರ್ತಿ ಕಾಣಿಸಿಕೊಳ್ಳುತ್ತದೆ. ಗೊರೂರಿನಲ್ಲಿ ಅಣೆಕಟ್ಟು ಎದ್ದ ಮೇಲೆ ಸುತ್ತಲಿನ ಊರಿನವರು ಮನೆ, ಹೊಲ ಬಿಟ್ಟು ಹೋದರು. ಭಾನುವಾರ ಬಂದರೆ ಮೊಬೈಲ್ ಹಿಡಿದು ಫೋಟೋ ತೆಗೆಯುವವರ ಸಾಲೇ ಅಲ್ಲಿರುತ್ತದೆ. ಆದರೆ ಅದೇ ಹಾಸನದಿಂದ ಇನ್ನೊಂದು ದಿಕ್ಕಿಗೆ, ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಕಾಂಪೌಂಡಿನಾಚೆ ಕಾಣುವ ದೊಡ್ಡ ದೊಡ್ಡ ಬಿಳಿಯ ಆಂಟೆನಾಗಳ ಕಡೆಗೆ ಬಸ್ಸಿನಲ್ಲಿದ್ದವರು ತಲೆಯೆತ್ತಿಯೂ ನೋಡುವುದಿಲ್ಲ. ‘ಅದು ಇಸ್ರೋ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಅಲ್ಲಿ ಏನು ನಡೆಯುತ್ತದೆ, ಯಾವಾಗಿನಿಂದ ನಡೆಯುತ್ತಿದೆ ಎಂದು ನಮ್ಮ ಮಕ್ಕಳನ್ನು ಕೇಳಿದರೆ ಉತ್ತರ ಬರುವುದು ಕಷ್ಟ. ಈ ಲೇಖನ ಅವರಿಗಾಗಿ.

ಅದರ ಹೆಸರು ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಚಿಕ್ಕದಾಗಿ ಎಂ.ಸಿ.ಎಫ್. 1982ರಲ್ಲಿ ಆರಂಭವಾಯಿತು. ಶ್ರೀಹರಿಕೋಟಾದಲ್ಲಿ ರಾಕೆಟ್ ಏರುವುದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡುತ್ತದೆ, ಕಾಲುಗಂಟೆ, ಇಪ್ಪತ್ತು ನಿಮಿಷದಲ್ಲಿ ಚಪ್ಪಾಳೆಯೂ ಮುಗಿಯುತ್ತದೆ. ಅಲ್ಲಿಂದ ಮುಂದಿನ ಹತ್ತು ಹದಿನೈದು ವರ್ಷ ಆ ಉಪಗ್ರಹವನ್ನು ಹಗಲೂ ರಾತ್ರಿ ಕಾಯುವ ಕೆಲಸ ಹಾಸನದ್ದು. ಮದುವೆಯ ದಿಬ್ಬಣವನ್ನು ಊರೆಲ್ಲ ನೋಡುತ್ತದೆ, ಸಂಸಾರ ನಡೆಸುವವರನ್ನು ಯಾರೂ ನೋಡುವುದಿಲ್ಲ. ಇದೂ ಹಾಗೆಯೇ.

ರಾಕೆಟ್ಟಿನ ಮಾತು ಬಂದಾಗ ನಾವು ಕನ್ನಡಿಗರು ಸ್ವಲ್ಪ ಹಿಂದಿನಿಂದಲೇ ಆರಂಭಿಸಬೇಕು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯ ಕರ್ನಲ್ ಬೇಲಿಯ ಇಂಗ್ಲಿಷ್ ತುಕಡಿಯನ್ನು ಸೋಲಿಸಿತು. ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದದ್ದೇ ಆ ಸೋಲಿಗೆ ದೊಡ್ಡ ಕಾರಣ. ಮೈಸೂರಿನ ರಾಕೆಟ್ಟುಗಳೇ ಅವಕ್ಕೆ ಬೆಂಕಿ ಹಚ್ಚಿದವೆಂದು ಹೇಳುತ್ತಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಈ ಯುದ್ಧದ ಚಿತ್ರವನ್ನು ಇಂದಿಗೂ ನೋಡಬಹುದು. ಬಾಣಬಿರುಸು ಅದಕ್ಕೂ ಮೊದಲೇ ಜಗತ್ತಿನ ಅನೇಕ ಕಡೆ ಇತ್ತು. ಮೈಸೂರಿನವರು ಮಾಡಿದ ಹೊಸತು ಒಂದೇ: ಕಾಗದ, ಬಿದಿರಿನ ಕೊಳವೆಯ ಬದಲು ಕಬ್ಬಿಣದ ಕೊಳವೆ ಬಳಸಿದ್ದು. ಕಬ್ಬಿಣವಾದ್ದರಿಂದ ಮದ್ದನ್ನು ಗಟ್ಟಿಯಾಗಿ ತುಂಬಬಹುದಿತ್ತು, ಒಳಗಿನ ಒತ್ತಡ ಏರಿದರೂ ಕೊಳವೆ ಒಡೆಯುತ್ತಿರಲಿಲ್ಲ. ಅದರಿಂದ ಅದು ಒಂದು ಕಿ.ಮೀ.ಗೂ ಹೆಚ್ಚು ದೂರ ಹಾರುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಆ ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಒಯ್ದರು. ವಿಲಿಯಂ ಕಾಂಗ್ರೀವ್ ಎಂಬಾತ ವೂಲ್ವಿಚ್‌ನಲ್ಲಿ ಪ್ರಯೋಗ ಮಾಡಿ ತನ್ನ ಹೆಸರಿನ ರಾಕೆಟ್ ತಯಾರಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರಕ್ಕೆ ಬೆಂಕಿಯಿಟ್ಟದ್ದು ಅವೇ. 2018ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದ ಸುದ್ದಿಯನ್ನು ನೀವು ಓದಿರಬಹುದು. ಇದು ಕಟ್ಟುಕತೆಯಲ್ಲ ಎಂಬುದಕ್ಕೆ ಕಬ್ಬಿಣದ ಸಾಕ್ಷಿ ಅದು.

1960ರ ದಶಕದ ಆರಂಭದಲ್ಲಿ ಅಮೆರಿಕದ ವಾಲಪ್ಸ್ ದ್ವೀಪಕ್ಕೆ ತರಬೇತಿಗೆ ಹೋದ ರಾಮೇಶ್ವರದ ಯುವಕನೊಬ್ಬ ಅಲ್ಲಿನ ಗೋಡೆಯ ಮೇಲೆ ಟಿಪ್ಪುವಿನ ರಾಕೆಟ್ ಪಡೆಯ ಚಿತ್ರ ಕಂಡು ನಿಂತುಬಿಟ್ಟರು. ತನ್ನ ದೇಶದಲ್ಲಿ ಜನ ಮರೆತಿದ್ದನ್ನು ಅಮೆರಿಕದವರು ಗೋಡೆಗೆ ಹಾಕಿಕೊಂಡಿದ್ದಾರಲ್ಲ ಎಂದು ಅವರಿಗೆ ಅನಿಸಿತು. ಆ ಯುವಕ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ.

ಕಲಾಂ ಅವರು ಹಿಂತಿರುಗಿ ಕೆಲಸ ಮಾಡಿದ್ದು ಕೇರಳದ ತುಂಬಾ ಎಂಬ ಮೀನುಗಾರರ ಊರಿನಲ್ಲಿ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಅದರ ಹತ್ತಿರ ಹಾದುಹೋಗುವುದರಿಂದ ವಿಕ್ರಂ ಸಾರಾಭಾಯಿ ಆ ಜಾಗವನ್ನು ಆರಿಸಿದ್ದರು. ಅಲ್ಲಿಯೂ ಒಂದು ಚರ್ಚ್ ಇತ್ತು, ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚ್. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ತಮ್ಮ ಜನರನ್ನು ಒಪ್ಪಿಸಿ, ಚರ್ಚನ್ನೂ ಸುತ್ತಲಿನ ಜಾಗವನ್ನೂ ಬಿಟ್ಟುಕೊಟ್ಟರು. ಪ್ರಾರ್ಥನಾ ಮಂದಿರ ಪ್ರಯೋಗಶಾಲೆಯಾಯಿತು, ಬಿಷಪ್ಪರ ಕೋಣೆ ನಕ್ಷೆ ಬರೆಯುವ ಕಚೇರಿಯಾಯಿತು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಅದು ಅಮೆರಿಕ ಕೊಟ್ಟ ನೈಕ್-ಅಪಾಚಿ. ಆ ದಿನಗಳಲ್ಲಿ ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಸಾಗಿಸುತ್ತಿದ್ದ ಫೋಟೋ ಪ್ರಸಿದ್ಧವಾಗಿದೆ. ತುಂಬಾದ ಚರ್ಚ್ ಇಂದು ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಶೆಟ್ಟಿಹಳ್ಳಿಯ ಚರ್ಚಿನ ಮುಂದೆ ನಿಂತಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಎರಡೂ ಕಡೆ ದೇಶದ ಕೆಲಸಕ್ಕೆಂದು ಬಡವರು ಜಾಗ ಬಿಟ್ಟುಕೊಟ್ಟರು.

ಕಲಾಂ ಅವರ ನೇತೃತ್ವದ ಎಸ್‌ಎಲ್‌ವಿ-3 ವಾಹನ 1979ರ ಆಗಸ್ಟ್ 10ರಂದು ಸಮುದ್ರಕ್ಕೆ ಬಿತ್ತು. ಆ ದಿನ ಪತ್ರಕರ್ತರನ್ನು ಎದುರಿಸಿ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಅದೇ ವಾಹನ ಗೆದ್ದು, 35 ಕಿಲೋ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ ಧವನ್ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನು ಕಳಿಸಿದರು.

ಇನ್ನು ಉಪಗ್ರಹಗಳ ಕಡೆಗೆ ಬರೋಣ. ಉಡುಪಿಯ ಅದಮಾರಿನವರಾದ ಪ್ರೊ. ಯು.ಆರ್. ರಾವ್ ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ‘ಆರ್ಯಭಟ’ವನ್ನು ಕಟ್ಟಿತು. 360 ಕಿಲೋ ತೂಕದ ಅದನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಷ್ಯಾ ಹಾರಿಸಿಕೊಟ್ಟಿತು. 1981ರ ಜೂನ್ 19ರಂದು ಐರೋಪ್ಯರ ಏರಿಯಾನ್ ರಾಕೆಟ್ ‘ಆ್ಯಪಲ್’ ಉಪಗ್ರಹವನ್ನು ಒಯ್ದಿತು. ಅದನ್ನು ಎತ್ತಿನ ಗಾಡಿಯ ಮೇಲಿಟ್ಟ ಚಿತ್ರ ನೋಡಿ ವಿದೇಶಿಯರು ನಕ್ಕರು. ನಕ್ಕವರಿಗೆ ತಿಳಿಯದ ವಿಷಯವೆಂದರೆ, ಆಂಟೆನಾ ಪರೀಕ್ಷೆಗೆ ಲೋಹದ ತೊಡಕಿಲ್ಲದ ವೇದಿಕೆ ಬೇಕಿತ್ತು, ಮರದ ಗಾಡಿ ಅದಕ್ಕೆ ಸರಿಹೋಯಿತು.

ಹಾಸನದ ಕತೆ ಶುರುವಾಗುವುದು ಇದರ ಮರುವರ್ಷ, ಅದೂ ಸೋಲಿನಿಂದ. ಅಮೆರಿಕದ ಫೋರ್ಡ್ ಸಂಸ್ಥೆ ಕಟ್ಟಿದ ಇನ್ಸಾಟ್-1ಎ 1982ರ ಏಪ್ರಿಲ್ 10ರಂದು ಹಾರಿತು. ದೂರವಾಣಿ, ದೂರದರ್ಶನ, ಆಕಾಶವಾಣಿ, ಹವಾಮಾನ ಈ ನಾಲ್ಕನ್ನೂ ಒಂದೇ ಉಪಗ್ರಹದಿಂದ ನಡೆಸುವ ಯೋಜನೆ ಅದು. ಇನ್ಸಾಟ್-1 ಮಾದರಿಯಲ್ಲಿ ಸೌರಫಲಕ ಒಂದೇ ಬದಿಗಿತ್ತು. ಬಿಸಿಲಿನ ಒತ್ತಡವನ್ನು ಸರಿದೂಗಿಸಲು ಎದುರು ಬದಿಗೆ ಹಾಯಿಯಂತಹ ಒಂದು ಸೌರಪಟ. ಆ ಪಟ ಬಿಚ್ಚಲಿಲ್ಲ. ದಿಕ್ಕು ಹಿಡಿದಿಡಲು ಬೇಕಾದ ಇಂಧನ ತೀರಿಹೋಯಿತು. ಸೆಪ್ಟೆಂಬರ್‌ನಲ್ಲಿ ಉಪಗ್ರಹ ಕೈಬಿಟ್ಟಿತು. ಏಳು ವರ್ಷ ಬಾಳಬೇಕಾದದ್ದು ಐದು ತಿಂಗಳೂ ಪೂರೈಸಲಿಲ್ಲ. ಹೊಸದಾಗಿ ತೆರೆದ ಕೇಂದ್ರದಲ್ಲಿ ಕಾಯಲು ಉಪಗ್ರಹವೇ ಇಲ್ಲವಾಯಿತು.

ಎಲ್ಲರ ಕಣ್ಣು ಇನ್ಸಾಟ್-1ಬಿ ಮೇಲೆ. 1983ರ ಆಗಸ್ಟ್ 30ರ ರಾತ್ರಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಅದನ್ನು ಹೊತ್ತು ಏರಿತು. ಅಮೆರಿಕದ ಶಟಲ್ ನೌಕೆ ರಾತ್ರಿಯಲ್ಲಿ ಹಾರಿದ್ದು ಅದೇ ಮೊದಲು. ಉಪಗ್ರಹ ತನ್ನ ಜಾಗ ತಲುಪಿತು. ಆದರೆ ಈ ಬಾರಿ ಸೌರಫಲಕವೇ ಬಿಚ್ಚದೆ ನಿಂತಿತು! ಫಲಕ ಬಿಚ್ಚದಿದ್ದರೆ ವಿದ್ಯುತ್ತಿಲ್ಲ, ವಿದ್ಯುತ್ತಿಲ್ಲದಿದ್ದರೆ ಉಪಗ್ರಹವಿದ್ದೂ ಇಲ್ಲದಂತೆ. 36,000 ಕಿ.ಮೀ. ಮೇಲಿರುವುದಕ್ಕೆ ಸ್ಪ್ಯಾನರ್ ಹಿಡಿದು ಹೋಗುವಂತಿಲ್ಲ. ಇಲ್ಲಿಂದ ಆದೇಶ ಕಳಿಸಬೇಕು, ಉತ್ತರ ಬರುವವರೆಗೆ ಕಾಯಬೇಕು, ಮತ್ತೆ ಯೋಚಿಸಬೇಕು. ಫೋರ್ಡ್ ಮತ್ತು ಇಸ್ರೋ ಎಂಜಿನಿಯರುಗಳು ಹಾಸನದ ನಿಯಂತ್ರಣ ಕೊಠಡಿಯಲ್ಲಿ ದಿನಗಟ್ಟಲೆ ಕುಳಿತು ಪ್ರಯತ್ನಿಸಿದರು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಫಲಕ ಬಿಚ್ಚಿಕೊಂಡಿತು. ಅಕ್ಟೋಬರ್‌ನಲ್ಲಿ ಸೇವೆ ಆರಂಭವಾಯಿತು.

ಅಂದು ಆ ಫಲಕ ಬಿಚ್ಚದೇ ಹೋಗಿದ್ದರೆ? ಒಂದರ ಹಿಂದೆ ಇನ್ನೊಂದು ಸೋತ ಯೋಜನೆಗೆ ಸರ್ಕಾರ ಮತ್ತೆ ಹಣ ಕೊಡುತ್ತಿತ್ತೇ ಎಂಬ ಪ್ರಶ್ನೆ ಸಣ್ಣದಲ್ಲ. 1984ರಲ್ಲಿ ದೇಶದ ಊರೂರಿಗೆ ಟಿ.ವಿ. ಟ್ರಾನ್ಸ್‌ಮಿಟರುಗಳು ಬಂದದ್ದು, ರಾತ್ರಿಯ ವಾರ್ತೆಯ ಕೊನೆಗೆ ನಾವು ಮೋಡಗಳ ಚಿತ್ರ ಕಂಡದ್ದು ಇನ್ಸಾಟ್-1ಬಿಯಿಂದ. ಆ ಚಿತ್ರ ತೋರಿಸುವಾಗ ಮಳೆ ಬರುತ್ತದೋ ಇಲ್ಲವೋ ಎಂದು ಮನೆಯ ಹಿರಿಯರು ಎಲ್ಲರನ್ನೂ ಸುಮ್ಮನಿರಿಸುತ್ತಿದ್ದ ದಿನಗಳು ನನ್ನ ವಯಸ್ಸಿನವರಿಗೆ ನೆನಪಿವೆ. 1988ರ ಇನ್ಸಾಟ್-1ಸಿ ಮತ್ತೆ ವಿದ್ಯುತ್ ದೋಷದಿಂದ ಅರ್ಧಕ್ಕೇ ನಿಂತಿತು. 1990ರ ಇನ್ಸಾಟ್-1ಡಿ ಮಾತ್ರ ಸುಮಾರು 12 ವರ್ಷ ದುಡಿಯಿತು.

‘ಒಮ್ಮೆ ಮೇಲೆ ಹೋದ ಮೇಲೆ ಕಾಯುವುದೇನಿದೆ?’ ಎಂದು ನೀವು ಕೇಳಬಹುದು. ಭೂಸ್ಥಿರ ಉಪಗ್ರಹ ಭೂಮಿಯ ಜೊತೆಜೊತೆಗೇ ತಿರುಗುವುದರಿಂದ ನಮಗೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ನಿಲ್ಲುವುದಿಲ್ಲ. ಸೂರ್ಯ ಚಂದ್ರರ ಸೆಳೆತದಿಂದ ಅದರ ಕಕ್ಷೆ ವರ್ಷಕ್ಕೆ ಸುಮಾರು ಒಂದು ಡಿಗ್ರಿಯಷ್ಟು ಓರೆಯಾಗುತ್ತದೆ. ಇನ್ನೊಂದು ವಿಚಿತ್ರ ಕೇಳಿ: ಭೂಮಿಯ ನಡುಸುತ್ತು ಪೂರ್ತಿ ದುಂಡಗಿಲ್ಲ. ಆದ್ದರಿಂದ ಭೂಸ್ಥಿರ ಕಕ್ಷೆಯಲ್ಲಿ ಗುರುತ್ವದ ಎರಡು ತಗ್ಗುಗಳಿವೆ. ಅವುಗಳಲ್ಲಿ ಒಂದು ಸುಮಾರು 75 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಹಾಸನ ಇರುವುದು 76 ಡಿಗ್ರಿಯಲ್ಲಿ! 83 ಡಿಗ್ರಿಯಲ್ಲೋ 93.5 ಡಿಗ್ರಿಯಲ್ಲೋ ಇಟ್ಟ ನಮ್ಮ ಉಪಗ್ರಹಗಳು ಇಳಿಜಾರಿನ ಗೋಲಿಯಂತೆ ಹಾಸನದ ರೇಖಾಂಶದ ಕಡೆಗೇ ಮೆಲ್ಲಗೆ ಜಾರುತ್ತಿರುತ್ತವೆ. ಅವುಗಳನ್ನು ಹಿಂದಕ್ಕೆ ತಳ್ಳುವ ಆದೇಶ ಹೋಗುವುದೂ ಹಾಸನದಿಂದಲೇ. ಪ್ರತಿ ತಳ್ಳುವಿಕೆಗೂ ಒಂದಿಷ್ಟು ಇಂಧನ ಬೇಕು. ಇಂಧನ ತೀರಿದ ದಿನ ಯಂತ್ರಗಳೆಲ್ಲ ಸರಿಯಿದ್ದರೂ ಉಪಗ್ರಹದ ಆಯುಷ್ಯ ಮುಗಿದಂತೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಸುಮಾರು ಆರು ವಾರ, ನಡುರಾತ್ರಿಯ ಹೊತ್ತಿಗೆ ಉಪಗ್ರಹ ಭೂಮಿಯ ನೆರಳಿಗೆ ಬರುತ್ತದೆ. ದಿನಕ್ಕೆ ಹೆಚ್ಚೆಂದರೆ 72 ನಿಮಿಷ. ಆಗ ಬ್ಯಾಟರಿಯೇ ಗತಿ. ಊರು ಮಲಗಿರುವಾಗ ಸಾಲಗಾಮೆ ರಸ್ತೆಯಲ್ಲಿ ಪಾಳಿಯವರು ಎಚ್ಚರವಾಗಿರುವುದು ಇದಕ್ಕೇ.

1992ರ ಜುಲೈನಲ್ಲಿ ನಮ್ಮವರೇ ಕಟ್ಟಿದ ಇನ್ಸಾಟ್-2ಎ ಹೋಯಿತು, ಆದರೆ ಏರಿಯಾನ್ ಮೇಲೆ. ಭಾರವಾದ ಉಪಗ್ರಹ ಎತ್ತಲು ಬೇಕಾದ ಕ್ರಯೋಜೆನಿಕ್ ತಂತ್ರಜ್ಞಾನ ರಷ್ಯಾದಿಂದ ಬರುವುದನ್ನು ಅಮೆರಿಕದ ಒತ್ತಡ ತಡೆಯಿತು. ನಾವೇ ತಯಾರಿಸಿದ ಆ ಎಂಜಿನ್ ಜಿಎಸ್‌ಎಲ್‌ವಿಯಲ್ಲಿ ಗೆದ್ದದ್ದು 2014ರ ಜನವರಿ 5ರಂದು. 35 ಕಿಲೋ ರೋಹಿಣಿಯಿಂದ ಹೊರಟವರು 2025ರ ನವೆಂಬರ್ 2ರಂದು ಶ್ರೀಹರಿಕೋಟಾದಿಂದಲೇ 4,400 ಕಿಲೋ ಮೀರಿದ ಸಿಎಂಎಸ್-03ನ್ನು ಹಾರಿಸಿದರು.

ನಮ್ಮ ವಿದ್ಯಾರ್ಥಿನಿಯರಿಗೆ ಒಂದು ಮಾತು. 2011ರ ಜುಲೈ 15ರಂದು ಹಾರಿದ ಜಿಸ್ಯಾಟ್-12ನ್ನು ಪಿಎಸ್‌ಎಲ್‌ವಿ ಅರ್ಧ ದಾರಿಯವರೆಗೆ ಮಾತ್ರ ಒಯ್ದಿತ್ತು, ಸುಮಾರು 21,000 ಕಿ.ಮೀ. ತನಕ. ಮಿಕ್ಕ ಎತ್ತರಕ್ಕೆ ಅದನ್ನು ಹಂತಹಂತವಾಗಿ ಏರಿಸಿದ್ದು ಹಾಸನದಿಂದ. ಆ ಕೆಲಸದ ಮುಂದಾಳತ್ವ ವಹಿಸಿದ ಮೂವರೂ ಮಹಿಳೆಯರು. ಯೋಜನಾ ನಿರ್ದೇಶಕಿ ಟಿ.ಕೆ. ಅನುರಾಧಾ. 2023ರಲ್ಲಿ ಸೂರ್ಯನ ಅಧ್ಯಯನಕ್ಕೆ ಹೋದ ಆದಿತ್ಯ-ಎಲ್1ರ ಯೋಜನಾ ನಿರ್ದೇಶಕಿ ನಿಗಾರ್ ಶಾಜಿ. ತಮಿಳುನಾಡಿನ ಸೆಂಗೋಟ್ಟೈ ಎಂಬ ಸಣ್ಣ ಊರಿನವರು, ತಿರುನಲ್ವೇಲಿಯ ಸರ್ಕಾರಿ ಕಾಲೇಜಿನಲ್ಲಿ ಓದಿ 1987ರಲ್ಲಿ ಇಸ್ರೋ ಸೇರಿದವರು.

ಸೋಲು ಈಗಲೂ ಇದೆ. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎಯ ಎಂಜಿನನ್ನು ಮಾರ್ಚ್ 31ರ ಬೆಳಿಗ್ಗೆ ಹಾಸನದಿಂದ ಎರಡನೆಯ ಬಾರಿಗೆ ಸುಮಾರು 53 ನಿಮಿಷ ಉರಿಸಲಾಯಿತು. ಎಲ್ಲ ಸರಿಯಿತ್ತು. ಏಪ್ರಿಲ್ 1ರ ಮೂರನೆಯ ಉರಿಗೆ ಸಿದ್ಧವಾಗುವಷ್ಟರಲ್ಲಿ ಉಪಗ್ರಹದ ಸದ್ದೇ ನಿಂತಿತು. ಮತ್ತೆ ಅದು ಮಾತಾಡಲಿಲ್ಲ.

ಇಸ್ರೋದ ಬಾಗಿಲು ಎಂಜಿನಿಯರಿಂಗ್ ಪದವೀಧರರಿಗೆ ಮಾತ್ರ ಎಂದು ನಮ್ಮ ತಂದೆತಾಯಿಯರು ತಿಳಿದಿದ್ದಾರೆ. ಹಾಗಲ್ಲ. ಐ.ಟಿ.ಐ. ಮುಗಿಸಿದವರಿಗೆ ತಂತ್ರಜ್ಞರ ಹುದ್ದೆ, ಡಿಪ್ಲೊಮಾದವರಿಗೆ ತಾಂತ್ರಿಕ ಸಹಾಯಕರ ಹುದ್ದೆ ಅಲ್ಲಿವೆ, ಪತ್ರಿಕೆಗಳಲ್ಲಿ ಪ್ರಕಟಣೆಯೂ ಬರುತ್ತದೆ. ಪಿ.ಯು.ಸಿ. ವಿಜ್ಞಾನದವರು ಜೆಇಇ ಅಡ್ವಾನ್ಸ್‌ಡ್ ಬರೆದು ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ ಸಂಸ್ಥೆಗೆ ಪ್ರಯತ್ನಿಸಬಹುದು. ಅದು 2007ರಲ್ಲಿ ಆರಂಭವಾಯಿತು.

ಹೈಸ್ಕೂಲಿನ ಮಕ್ಕಳು ಒಂದು ಕೆಲಸ ಮಾಡಿ. ಶೆಟ್ಟಿಹಳ್ಳಿಯ ಕಡೆ ಯಾರ ಮನೆಯ ಮೇಲಾದರೂ ಡಿ.ಡಿ. ಫ್ರೀ ಡಿಶ್ ಇದ್ದರೆ ಅದರ ಮುಖ ಎತ್ತ ಇದೆ ನೋಡಿ. ಆಗ್ನೇಯಕ್ಕೆ, ಸಾಕಷ್ಟು ಎತ್ತರಕ್ಕೆ ಮುಖ ಮಾಡಿರುತ್ತದೆ. ಅದು ನೋಡುತ್ತಿರುವುದು 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ನ್ನು. ಆ ಡಿಶ್ಶನ್ನು ಪ್ರತಿದಿನ ತಿರುಗಿಸದೆ ಚಿತ್ರ ಬರುತ್ತಿದೆಯಲ್ಲ, ಅದರ ಲೆಕ್ಕ ಸಾಲಗಾಮೆ ರಸ್ತೆಯಲ್ಲಿದೆ.