ಕರಿಕೋಟಿನ ದಾರಿ: ಕೇರಿಯ ಹುಡುಗರು ವಕೀಲಿ ಓದಿದ್ದು, ಓದದೇ ಹೋದದ್ದು

ದಲಿತ ವಿಮರ್ಶೆ ಎಂದ ಕೂಡಲೇ ನಾವು ಕಾವ್ಯ, ಕಥೆ, ಆತ್ಮಕಥನಗಳ ಕಡೆಗೇ ಹೊರಳುತ್ತೇವೆ. ಅದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಬರೆದದ್ದನ್ನು ಮಾತ್ರ ಓದಿ ಕೂತರೆ ಸಾಲದು. ನಮ್ಮ ಜನ ಬದುಕಿನಲ್ಲಿ ಮಾಡಿಕೊಂಡ ಆಯ್ಕೆಗಳನ್ನೂ, ಮಾಡಿಕೊಳ್ಳಲಾಗದೇ ಬಿಟ್ಟ ಆಯ್ಕೆಗಳನ್ನೂ ಓದಬೇಕು. ಚರಿತ್ರೆ ಪಾಠ ಹೇಳುವ ನನ್ನಂಥವನಿಗೆ ಬಹಳ ದಿನದಿಂದ ಒಂದು ಪ್ರಶ್ನೆ ಇದೆ. ವಕೀಲರೊಬ್ಬರನ್ನು ತಂದೆ ಅಂತ ಕರೆದು, ಅವರ ಕೈಯಲ್ಲಿ ಸಂವಿಧಾನ ಹಿಡಿಸಿ ಊರೂರಿಗೆ ಪ್ರತಿಮೆ ನಿಲ್ಲಿಸಿದ ಸಮುದಾಯ ನಮ್ಮದು. ಅದೇ ಸಮುದಾಯದ ಹುಡುಗ ಪಿಯುಸಿ ಮುಗಿಸಿ ‘ಲಾ ಓದ್ತೀನಿ’ ಅಂದರೆ ಮನೆಯಲ್ಲಿ ಎಲ್ಲರ ಮುಖ ಯಾಕೆ ಸಣ್ಣಗಾಗುತ್ತದೆ?

ಇದಕ್ಕೆ ‘ತಿಳಿವಳಿಕೆ ಕಡಿಮೆ’ ಎಂಬ ಸಿದ್ಧ ಉತ್ತರ ಇದೆ. ಮೇಲ್ಜಾತಿಯ ವಿದ್ವಾಂಸರಿಗೆ ಈ ಉತ್ತರ ತುಂಬ ಪ್ರಿಯ. ನಮ್ಮವರಲ್ಲೂ ಕೆಲವರು ಇದನ್ನೇ ಬಾಯಿಪಾಠ ಮಾಡಿಕೊಂಡಿದ್ದಾರೆ. ಚರಿತ್ರೆ ನೋಡಿದರೆ ಬೇರೆಯದೇ ಕಾಣುತ್ತದೆ. ನಮ್ಮ ಮನೆಗಳವರು ವಕೀಲಿಯನ್ನು ತಿಳಿಯದೇ ಬಿಟ್ಟವರಲ್ಲ, ಲೆಕ್ಕ ಹಾಕಿಯೇ ಬಿಟ್ಟವರು.

1923ನ್ನು ತಗೊಳ್ಳಿ. ಬ್ರಿಟಿಷ್ ಇಂಡಿಯಾದ ಕೋರ್ಟುಗಳಲ್ಲಿ ಹೆಂಗಸರು ವಕೀಲಿ ಮಾಡಬಹುದು ಅಂತ ಕಾಯಿದೆ ಬಂದದ್ದು ಆ ವರ್ಷ. ಅಲ್ಲಿಯವರೆಗೂ ಹೆಣ್ಣು ಅನ್ನೋ ಕಾರಣಕ್ಕೇ ಬಾಗಿಲು ಮುಚ್ಚಿತ್ತು. ಅದೇ ವರ್ಷದ ಜುಲೈನಲ್ಲಿ ಅಂಬೇಡ್ಕರ್ ಬೊಂಬಾಯಿ ಹೈಕೋರ್ಟಿನಲ್ಲಿ ಹೆಸರು ನೋಂದಾಯಿಸಿದರು. ಅಸ್ಪೃಶ್ಯರು ವಕೀಲರಾಗಬಾರದು ಅಂತ ಯಾವ ಕಾಯಿದೆಯೂ ಇರಲಿಲ್ಲ. ಹಾಗಾಗಿ ತೆರೆಯೋಕೆ ಅಂತ ಒಂದು ಕಾಯಿದೆಯೂ ಬರುವಂತಿರಲಿಲ್ಲ. ನಮಗೆ ಅಡ್ಡ ನಿಂತದ್ದು ಕಾಯಿದೆಯಲ್ಲ, ಕಕ್ಷಿದಾರ. ಜೊತೆಗೆ ಆ ಕಕ್ಷಿದಾರನನ್ನು ಬ್ಯಾರಿಸ್ಟರ್ ಹತ್ತಿರ ಕಳಿಸಬೇಕಾಗಿದ್ದ ಸಾಲಿಸಿಟರ್. ಬೊಂಬಾಯಿ ಹೈಕೋರ್ಟಿನ ಮೂಲ ವಿಭಾಗದಲ್ಲಿ ಸಾಲಿಸಿಟರ್ ಕೇಸು ಕೊಟ್ಟರೆ ಮಾತ್ರ ಬ್ಯಾರಿಸ್ಟರಿಗೆ ಕೆಲಸ. ಮಹಾರ್ ಜಾತಿಯ ಬ್ಯಾರಿಸ್ಟರಿಗೆ ಕೊಡುವವರು ಯಾರು? ಅವರು ಅಪೀಲು ವಿಭಾಗದ ಕೆಲಸವನ್ನೂ ಮುಫಸ್ಸಿಲ್ ಕೋರ್ಟುಗಳ ಸಣ್ಣಪುಟ್ಟ ಕೇಸುಗಳನ್ನೂ ಹಿಡಿಯಬೇಕಾಯಿತು.

ಅಲ್ಲಿಗೆ ಬರೋಕೆ ಮುಂಚಿನ ಹಾದಿಯೂ ಸಲೀಸಾಗಿರಲಿಲ್ಲ. ಲಂಡನ್ನಿನ ಗ್ರೇಸ್ ಇನ್ ಸೇರಿದ್ದು 1916ರಲ್ಲಿ. ಬರೋಡಾದ ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಬಂದರು. ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಮೇಷ್ಟ್ರಾಗಿ ದುಡಿದು, ಉಳಿಸಿ, ಸಾಲ ಮಾಡಿ 1920ರಲ್ಲಿ ಮತ್ತೆ ಹೋದರು. 1922ರಲ್ಲಿ ಬ್ಯಾರಿಸ್ಟರ್ ಆದರು. ವಾಪಸು ಬಂದಾಗ ಸನದು ಪಡೆಯೋಕೂ ಕೈಯಲ್ಲಿ ಹಣ ಇರಲಿಲ್ಲ. ಪಾರಸಿ ಗೆಳೆಯ ನವಲ್ ಭಥೇನಾ ನೆರವಾದರು. ಕರಿಕೋಟು ಹಾಕಿದಾಗ ಅವರಿಗೆ 32 ವರ್ಷ. ಕೊಲಂಬಿಯಾ, ಲಂಡನ್ ಎರಡೂ ಕಡೆ ಓದಿದವರು. ಆದರೂ ಮನೆ ನಡೆಸೋಕೆ 1925ರಿಂದ ಬಾಟ್ಲಿಬಾಯ್ ಅವರ ಲೆಕ್ಕಪತ್ರ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಪಾಠ ಹೇಳಬೇಕಾಯಿತು. ಈ ವಿವರವನ್ನು ನಾನು ಕ್ಲಾಸಿನಲ್ಲಿ ಹೇಳಿದಾಗ ಹುಡುಗರು ನಂಬುವುದಿಲ್ಲ. ಫೋಟೋದ ಅಂಬೇಡ್ಕರ್ ಸೂಟಿನಲ್ಲಿರುತ್ತಾರೆ. ಸಾಲದ ಅಂಬೇಡ್ಕರ್ ಯಾವ ಫೋಟೋದಲ್ಲೂ ಇಲ್ಲ.

ಆ ವಕೀಲಿಯಿಂದ ಏನಾಯಿತು? 1926ರಲ್ಲಿ ಪುಣೆಯ ಬ್ರಾಹ್ಮಣೇತರ ಚಳವಳಿಯ ಬಾಗಡೆ, ಜೇಧೆ, ಜವಳಕರ್ ಮೇಲೆ ಒಂದು ಪುಸ್ತಿಕೆಯ ಕಾರಣಕ್ಕೆ ಮಾನಹಾನಿ ಕೇಸು ಬಿತ್ತು. ಆ ಕೇಸನ್ನು ಅಂಬೇಡ್ಕರ್ ನಡೆಸಿ ಗೆದ್ದರು. ಅದಕ್ಕಿಂತ ದೊಡ್ಡದು ಮಹಾಡ್ ಕೆರೆಯ ಕೇಸು. 1927ರ ಮಾರ್ಚಿನಲ್ಲಿ ಚೌದಾರ್ ಕೆರೆಯ ನೀರು ಮುಟ್ಟಿದ್ದು ನಮಗೆಲ್ಲ ಗೊತ್ತು, ಪ್ರತಿ ವರ್ಷ ಆಚರಿಸುತ್ತೇವೆ. ಆ ಡಿಸೆಂಬರಿನಲ್ಲಿ ಸವರ್ಣೀಯರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದದ್ದು, ಅದಕ್ಕೇ ಎರಡನೇ ಸಲದ ಸತ್ಯಾಗ್ರಹವನ್ನು ಮುಂದೂಡಬೇಕಾಗಿ ಬಂದದ್ದು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಆ ಕೇಸಿನಲ್ಲಿ ಅಂಬೇಡ್ಕರ್ ಪ್ರತಿವಾದಿ. ಮೊದಲ ಕೋರ್ಟಿನ ತೀರ್ಪು 1931ರಲ್ಲಿ, ಠಾಣೆಯ ಅಪೀಲು 1933ರಲ್ಲಿ, ಹೈಕೋರ್ಟಿನ ತೀರ್ಪು 1937ರ ಮಾರ್ಚ್ 17ಕ್ಕೆ. ಅಸ್ಪೃಶ್ಯರನ್ನು ದೂರ ಇಡುವುದು ಅನಾದಿಕಾಲದ ರೂಢಿ ಅಂತ ವಾದಿಗಳು ಹೇಳಿದ್ದರು. ಆ ರೂಢಿ ಸಾಬೀತಾಗಿಲ್ಲ ಅಂತ ಹೈಕೋರ್ಟು ಹೇಳಿತು. ತೀರ್ಪು ಬರೆದ ನ್ಯಾಯಾಧೀಶ ಬ್ರೂಮ್‌ಫೀಲ್ಡ್. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧಿಗೆ ಆರು ವರ್ಷ ಶಿಕ್ಷೆ ಕೊಟ್ಟಿದ್ದ ಅದೇ ಬ್ರೂಮ್‌ಫೀಲ್ಡ್. ಚರಿತ್ರೆ ಹೀಗೆ ಆಗಾಗ ಕಿಡಿಗೇಡಿತನ ಮಾಡುತ್ತದೆ.

ನೀರು ಮುಟ್ಟೋಕೆ ಒಂದು ದಿನ ಸಾಕಾಯಿತು. ಮುಟ್ಟಿದ್ದು ಸರಿ ಅಂತ ಕಾಗದದ ಮೇಲೆ ಬರೋಕೆ ಸುಮಾರು ಹತ್ತು ವರ್ಷ ಬೇಕಾಯಿತು. ಆ ಹತ್ತು ವರ್ಷ ಯಾರೋ ಒಬ್ಬರು ವಾಯಿದೆಯಿಂದ ವಾಯಿದೆಗೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯಬೇಕಿತ್ತು. ಚಳವಳಿಗೆ ಕವಿ ಬೇಕಾಗುವುದು ಮೊದಲ ದಿನ, ವಕೀಲ ಬೇಕಾಗುವುದು ಉಳಿದ ಅಷ್ಟೂ ದಿನ. ಕವಿಗಳ ಮೇಲೆ ನನಗೆ ಹೊಟ್ಟೆಕಿಚ್ಚೇನೂ ಇಲ್ಲ.

1947ಕ್ಕೆ ಬಂದರೆ ಒಂದು ಆಶ್ಚರ್ಯ ಕಾದಿದೆ. ಆಗಸ್ಟಿನಲ್ಲಿ ಎರಡಾದ ದೇಶಗಳಲ್ಲಿ ಇಂಡಿಯಾದ ಮೊದಲ ಕಾನೂನು ಮಂತ್ರಿ ಅಂಬೇಡ್ಕರ್, ಪಾಕಿಸ್ತಾನದ ಮೊದಲ ಕಾನೂನು ಮಂತ್ರಿ ಬಂಗಾಳದ ನಾಮಶೂದ್ರ ವಕೀಲ ಜೋಗೇಂದ್ರನಾಥ ಮಂಡಲ್. ಇಬ್ಬರೂ ಆ ಕುರ್ಚಿಯಲ್ಲಿ ಕಡೆಯವರೆಗೆ ಕೂರಲಿಲ್ಲ. ಮಂಡಲ್ 1950ರಲ್ಲಿ ರಾಜೀನಾಮೆ ಕೊಟ್ಟು ಇಂಡಿಯಾಕ್ಕೆ ಬಂದರು. ಅಂಬೇಡ್ಕರ್ 1951ರಲ್ಲಿ ಹಿಂದೂ ಕೋಡ್ ಬಿಲ್ಲಿನ ವಿಚಾರವಾಗಿ ಹೊರಬಂದರು. ಕಾನೂನಿನ ತುದಿಗೆ ಏರಿದವರಿಗೂ ಅದರ ಒಳಮನೆ ಎಷ್ಟು ತೆರೆದಿತ್ತು ಎಂಬುದಕ್ಕೆ ಇವೆರಡು ರಾಜೀನಾಮೆಗಳೇ ಸಾಕ್ಷಿ.

ಇನ್ನು ನಮ್ಮ ಕಡೆಗೆ ಬರೋಣ. ಬೆಳಗಾವಿಯಲ್ಲಿ ಕಾನೂನು ಕಾಲೇಜು ಶುರುವಾದದ್ದು 1939ರಲ್ಲಿ, ಬೆಂಗಳೂರಿನ ಸರ್ಕಾರಿ ಲಾ ಕಾಲೇಜು 1948ರಲ್ಲಿ. ಅದಕ್ಕೂ ಮುಂಚೆ ಮೈಸೂರು ಸೀಮೆಯ ಹುಡುಗ ವಕೀಲಿ ಓದಬೇಕೆಂದರೆ ಮದರಾಸು, ಬೊಂಬಾಯಿ, ಪುಣೆಯ ಕಡೆ ಹೋಗಬೇಕಿತ್ತು. ಅಷ್ಟು ದೂರ ಹೋಗಿ ಓದಿ ಬಂದವರು ಯಾರ ಮಕ್ಕಳೆಂದು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಜಿಲ್ಲೆಗಳಿಗೂ ಕಾಲೇಜು ಬಂದವು. ಆದರೆ ಆಗ ಕಾನೂನು ಓದುವುದು ಒಂದು ಪದವಿಯ ಮೇಲೆ. ನಮ್ಮವರಲ್ಲಿ ಪದವಿ ಮುಟ್ಟಿದವನಿಗೆ ಅಷ್ಟರಲ್ಲಿ ಮದುವೆ, ತಂಗಿಯರು, ಅಪ್ಪನ ಸಾಲ. ಹಾಗಾಗಿ ಮೊದಲ ತಲೆಮಾರಿನ ಅನೇಕರು ಗುಮಾಸ್ತೆ ಕೆಲಸಕ್ಕೆ ಸೇರಿ ಬೆಳಿಗ್ಗೆಯೋ ಸಂಜೆಯೋ ನಡೆಯುವ ಕ್ಲಾಸಿಗೆ ಹೋಗಿ ಎಲ್‌ಎಲ್‌ಬಿ ಮುಗಿಸಿದರು. ಮುಗಿಸಿದ ಮೇಲೂ ಹೆಚ್ಚಿನವರು ಕೆಲಸ ಬಿಡಲಿಲ್ಲ. ಹೆಸರಿನ ಮುಂದೆ ಬಿ.ಎ., ಎಲ್‌ಎಲ್‌ಬಿ. ಎಂಬ ಬೋರ್ಡು, ದುಡಿಮೆ ತಾಲ್ಲೂಕು ಕಚೇರಿಯಲ್ಲಿ.

ಯಾಕೆ ಬಿಡಲಿಲ್ಲ? ವಕೀಲಿಗೆ ಒಂದನೇ ತಾರೀಕು ಅನ್ನೋದೇ ಇಲ್ಲ. ಹೊಸಬ ಒಬ್ಬ ಸೀನಿಯರ್ ಆಫೀಸಿಗೆ ಸೇರಬೇಕು, ಮೂರ್ನಾಲ್ಕು ವರ್ಷ ಫೈಲು ಹೊರಬೇಕು, ವಾಯಿದೆ ಕೇಳಬೇಕು. ಕೊಟ್ಟರೆ ಬಸ್ ಚಾರ್ಜು. ಆ ವರ್ಷಗಳನ್ನು ಯಾರಾದರೂ ಸಾಕಬೇಕು. ಹೊಲ, ಮನೆ ಬಾಡಿಗೆ, ಇಲ್ಲಾಂದ್ರೆ ವಕೀಲನಾಗಿಯೇ ಇರುವ ಮಾವ. ಅಗ್ರಹಾರಕ್ಕೂ ಗೌಡರ ಮನೆಗೂ ಇದ್ದ ಈ ಆಸರೆ ಕೇರಿಗೆ ಇರಲಿಲ್ಲ. ‘ಆ ಕರಿಕೋಟು ಹೊಟ್ಟೆಗೆ ಹಾಕ್ತದೇನಪ್ಪ, ಮೇಷ್ಟ್ರ ಕೆಲಸ ನೋಡ್ಕೊ’ ಅಂತ ನಮ್ಮವ್ವ ನನಗೆ ಹೇಳಿದ ಮಾತು ನೂರಾರು ಮನೆಗಳಲ್ಲಿ ನೂರಾರು ಅವ್ವಂದಿರು ಹೇಳಿದ್ದೇ. ಅದು ಅಜ್ಞಾನವಲ್ಲ, ಅಪ್ಪಟ ಅರ್ಥಶಾಸ್ತ್ರ. ನಾನೂ ಎಂ.ಎ. ಮಾಡಿ ಮೇಷ್ಟ್ರಾದೆ.

ನಮ್ಮ ಚಳವಳಿಯ ಚಹರೆಯನ್ನೂ ಇದೇ ರೂಪಿಸಿತು ಅನ್ನಿಸುತ್ತದೆ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು. ಸಿದ್ಧಲಿಂಗಯ್ಯ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ, ಅರವಿಂದ ಮಾಲಗತ್ತಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಹೇಳಿದವರು. ಸಂಬಳದ ಆ ನೆಲದ ಮೇಲೆ ನಿಂತೇ ಅವರು ಬರೆದರು, ಬೀದಿಗೂ ಇಳಿದರು. ಆ ಋಣ ದೊಡ್ಡದು. ಆದರೆ ಕ್ಲಾಸ್‌ರೂಮು ನಮಗೆ ಕೊಟ್ಟಷ್ಟು ಜನರನ್ನು ಕೋರ್ಟು ಹಾಲು ಕೊಡಲಿಲ್ಲ. ಕಲಬುರಗಿಯಲ್ಲಿ ಕಾನೂನು ಓದಿ, ಶಿವರಾಜ ಪಾಟೀಲರ ಆಫೀಸಿನಲ್ಲಿ ಜೂನಿಯರ್ ಆಗಿದ್ದು, 1969ರಲ್ಲಿ ಎಂಎಸ್‌ಕೆ ಮಿಲ್ಲಿನ ಕಾರ್ಮಿಕ ಸಂಘಕ್ಕೆ ಕಾನೂನು ಸಲಹೆಗಾರರಾದ ಮಲ್ಲಿಕಾರ್ಜುನ ಖರ್ಗೆಯವರಂಥವರು ಇದ್ದಾರೆ. ಅವರನ್ನೂ ರಾಜಕಾರಣ ಬೇಗ ಕರೆದುಕೊಂಡಿತು.

ಇದರ ಬೆಲೆ ಏನೆಂದು ತಿಳಿಯಬೇಕಾದರೆ ಜಮೀನು ನೋಡಿ. 1978ರಲ್ಲಿ, ದೇವರಾಜ ಅರಸರ ಕಾಲದಲ್ಲಿ, ಪಿಟಿಸಿಎಲ್ ಕಾಯಿದೆ ಬಂತು. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ನಿಬಂಧನೆ ಮುರಿದು ಯಾರಾದರೂ ಕೊಂಡಿದ್ದರೆ ಆ ಕ್ರಯ ಊರ್ಜಿತವಲ್ಲ, ಜಮೀನು ವಾಪಸು ಬರಬೇಕು. 1984ರಲ್ಲಿ ಸುಪ್ರೀಂ ಕೋರ್ಟು ಮಂಚೇಗೌಡರ ಪ್ರಕರಣದಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಇಷ್ಟು ಬಲವಾದ ಕಾಯಿದೆ ಕೈಯಲ್ಲಿದ್ದರೂ ಎ.ಸಿ. ಕೋರ್ಟಿನಲ್ಲಿ ಅರ್ಜಿ ಹಾಕಬೇಕೆಂದು ಎಷ್ಟೋ ಮನೆಗಳಿಗೆ ಗೊತ್ತಾದದ್ದು ಇಪ್ಪತ್ತು, ಮೂವತ್ತು ವರ್ಷ ಆದ ಮೇಲೆ. ಹೇಳುವವರು ಹತ್ತಿರ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ‘ಸಮಂಜಸ ಕಾಲದೊಳಗೆ’ ಬರಬೇಕಿತ್ತು ಎಂದಿತು, ತಡವಾಗಿ ಬಂದವರು ಸಾಲುಸಾಲಾಗಿ ಸೋತರು. ಕಾಲಮಿತಿ ಅನ್ವಯಿಸದು ಅಂತ ಸರ್ಕಾರ ತಿದ್ದುಪಡಿ ತಂದದ್ದು 2023ರಲ್ಲಿ. ನಡುವಿನ ಆ ಆರು ವರ್ಷ ಕಳಕೊಂಡ ಎಕರೆಗಳು ವಕೀಲಿ ಓದದೇ ಹೋದದ್ದರ ಲೆಕ್ಕಕ್ಕೂ ಸೇರುತ್ತವೆ.

ಪ್ರಾಣದ ವಿಷಯವೂ ಹೀಗೇ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಹೇಳುವವನು ಅದೇ ಊರಿನಲ್ಲಿ ಕೂಲಿಗೆ ಹೋಗಬೇಕು. ಅವನ ಬೆನ್ನಿಗೆ ಕೋರ್ಟಿನಲ್ಲಿ ಒಬ್ಬ ತನ್ನವನಿದ್ದರೆ ಅವನು ನಿಲ್ಲುತ್ತಿದ್ದ ಎಂದು ಖಚಿತವಾಗಿ ಹೇಳಲಾರೆ. ಇಲ್ಲದಿದ್ದರೆ ಹೇಗಿರುತ್ತದೆ ಎನ್ನುವುದನ್ನು ನೋಡಿದ್ದೇವೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ನಡೆದ ದೌರ್ಜನ್ಯಕ್ಕೆ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇಲ್ಲೂ ಹತ್ತು ವರ್ಷ. ಮಹಾಡ್ ಕೆರೆಯ ಹತ್ತು ವರ್ಷ ನೆನಪಾಗುತ್ತದೆ. ದೌರ್ಜನ್ಯ ತಡೆ ಕಾಯಿದೆಯ 1995ರ ನಿಯಮಗಳಲ್ಲಿ, ನೊಂದವರು ಬಯಸಿದರೆ ಹೆಸರಾಂತ ಹಿರಿಯ ವಕೀಲರನ್ನು ನೇಮಿಸಿ ಸರ್ಕಾರವೇ ಫೀಜು ಕೊಡಬಹುದು ಎಂದಿದೆ. ಬಯಸೋಕೆ ಒಂದು ಹೆಸರಾದರೂ ಗೊತ್ತಿರಬೇಕಲ್ಲ!

ಶಾಲೆ ಮುಗಿಸಿ ನೇರ ವಕೀಲಿ ಓದುವ ದಾರಿ ತೆರೆದದ್ದು 1980ರ ದಶಕದಲ್ಲಿ. ಪಿಯುಸಿ ಮೇಲೆ ಐದು ವರ್ಷದ ಕೋರ್ಸು ಬಂತು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು 1986ರ ಕಾಯಿದೆಯಿಂದ ಹುಟ್ಟಿ, 1988ರಲ್ಲಿ ಮೊದಲ ತಂಡಕ್ಕೆ ಪಾಠ ಶುರು ಮಾಡಿತು. ಪದವಿ, ಆಮೇಲೆ ಮೂರು ವರ್ಷ ಎನ್ನುವುದಕ್ಕಿಂತ ಇದರಲ್ಲಿ ಒಂದು ವರ್ಷ ಉಳಿತಾಯ. ಹದಿನೇಳು, ಹದಿನೆಂಟರ ಹುಡುಗನಿಗೆ ಸಂಸಾರದ ನೊಗ ಇನ್ನೂ ಬಿದ್ದಿರುವುದಿಲ್ಲ. ನಮಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ರಾಷ್ಟ್ರೀಯ ಕಾನೂನು ಶಾಲೆಗಳು ಒಂದೊಂದಾಗಿ ಹೆಚ್ಚಿ, 2008ರಿಂದ ಕ್ಲಾಟ್ ಎಂಬ ಒಂದೇ ಪರೀಕ್ಷೆ ಬಂತು. ಅದು ಇಂಗ್ಲಿಷಿನಲ್ಲಿ ಮಾತ್ರ. ಅದರ ಹಿಂದೆಯೇ ಕೋಚಿಂಗ್ ಅಂಗಡಿಗಳು ಬಂದವು. ಮೀಸಲಾತಿ ಇದೆ, ನಿಜ. ಮೀಸಲು ಸೀಟಿಗೂ ಅದೇ ಇಂಗ್ಲಿಷ್ ಪುಟಗಳನ್ನು ಎರಡು ಗಂಟೆಯಲ್ಲಿ ದಾಟಬೇಕು. ನಮ್ಮ ಹಾಸ್ಟೆಲಿನ ಹುಡುಗನಿಗೆ ಅಂಥದ್ದೊಂದು ಪರೀಕ್ಷೆ ಇದೆ ಎಂದು ಗೊತ್ತಾಗುವುದೇ ಅದು ಮುಗಿದ ಮೇಲೆ.

ಇನ್ನೊಂದು ಕಡೆ ಹಳೇ ದಾರಿಯನ್ನೂ ಕಿರಿದು ಮಾಡಿದರು. ಬಾರ್ ಕೌನ್ಸಿಲಿನ 2008ರ ನಿಯಮಗಳು ಸಂಜೆ ಏಳರ ನಂತರದ ಕ್ಲಾಸಿಗೆ ಅವಕಾಶ ಕೊಡಲಿಲ್ಲ. ಐದು ವರ್ಷದ ಕೋರ್ಸಿಗೆ ವಯಸ್ಸು 20, ನಮ್ಮವರಿಗೆ 22 ಮೀರಬಾರದು ಎಂದವು. ಆ ವಯಸ್ಸಿನ ಮಿತಿಯನ್ನು ಕೈಬಿಟ್ಟು, 2016ರಲ್ಲಿ ಮತ್ತೆ ತಂದು, 2017ರಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ ಹಾಕಿಸಿಕೊಂಡರು. ಗುಣಮಟ್ಟ ಕಾಪಾಡುವ ಮಾತು ಬಂದಾಗಲೆಲ್ಲ ಮೊದಲು ಏಟು ಬೀಳುವುದು ತಡವಾಗಿ ಹೊರಟವನ ಕಾಲಿಗೆ.

ಹಣದ ಕಥೆ ಕೇಳಿ. 1961ರ ವಕೀಲರ ಕಾಯಿದೆಯ ಪ್ರಕಾರ, 1993ರ ತಿದ್ದುಪಡಿಯ ನಂತರ, ಸನದಿನ ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125. ರಾಜ್ಯಗಳ ಬಾರ್ ಕೌನ್ಸಿಲುಗಳು ಆ ಶುಲ್ಕ, ಈ ನಿಧಿ ಎಂದು ಸೇರಿಸುತ್ತಾ ಹದಿನೈದು ಸಾವಿರದಿಂದ ನಲವತ್ತೆರಡು ಸಾವಿರದವರೆಗೂ ವಸೂಲಿ ಮಾಡುತ್ತಿದ್ದವು. ಕಾನೂನು ಕಲಿತವರ ಸಂಸ್ಥೆಗಳೇ ಕಾನೂನು ಮೀರಿದ್ದು ಹೀಗೆ. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಇದನ್ನು ನಿಲ್ಲಿಸಿತು. ಅಂಬೇಡ್ಕರ್ ಸನದಿಗೆ ಸಾಲ ಮಾಡಿ ನೂರೊಂದು ವರ್ಷ ಆಗಿತ್ತು. ಇತ್ತ ಕ್ಲಾಟ್ ಅರ್ಜಿಗೆ ಪರಿಶಿಷ್ಟ ವಿದ್ಯಾರ್ಥಿ ಇತ್ತೀಚಿನ ವರ್ಷಗಳಲ್ಲಿ ಕಟ್ಟಿದ್ದು 3,500 ರೂಪಾಯಿ. ವಕೀಲನಾಗೋಕೆ 125, ಓದಲೋ ಬೇಡವೋ ಎಂದು ಬಾಗಿಲು ತಟ್ಟೋಕೆ ಅದರ ಇಪ್ಪತ್ತೆಂಟು ಪಟ್ಟು.

ಸುಪ್ರೀಂ ಕೋರ್ಟಿಗೆ ಮೊದಲ ದಲಿತ ನ್ಯಾಯಮೂರ್ತಿ ಬಂದದ್ದು 1980ರಲ್ಲಿ, ಎ. ವರದರಾಜನ್. ಕೆ.ಜಿ. ಬಾಲಕೃಷ್ಣನ್ 2010ರಲ್ಲಿ ನಿವೃತ್ತರಾದ ಮೇಲೆ 2019ರಲ್ಲಿ ಬಿ.ಆರ್. ಗವಾಯಿ ಬರುವವರೆಗೆ ಆ ಪೀಠದಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಗವಾಯಿಯವರು 2025ರಲ್ಲಿ ಮುಖ್ಯ ನ್ಯಾಯಮೂರ್ತಿಯಾದಾಗ ನಾವು ಸಿಹಿ ಹಂಚಿದೆವು, ಹಂಚಬೇಕಾದ್ದೇ. ಆದರೆ ನನ್ನ ಆತಂಕ ಇರುವುದು ದೆಹಲಿಯಲ್ಲಲ್ಲ, ತಾಲ್ಲೂಕು ಕೋರ್ಟಿನ ಹೊಂಗೆ ಮರದ ಕೆಳಗೆ, ಅರ್ಜಿ ಹಿಡಿದು ನಿಂತವರ ಹತ್ತಿರ. ಅಲ್ಲಿಗೆ ಕ್ಲಾಟ್ ಬೇಕಿಲ್ಲ. 2009ರಲ್ಲಿ ಹುಬ್ಬಳ್ಳಿಯಲ್ಲಿ ಆದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಜಿಲ್ಲೆಗಳಲ್ಲಿ ಕಾಲೇಜುಗಳಿವೆ. ಪಿಯುಸಿಯಿಂದಲೇ ಸೇರಬಹುದು, ಕೆಳಗಿನ ಕೋರ್ಟಿನ ಭಾಷೆ ಕನ್ನಡ. ಕಾನೂನು ಪದವಿ ಮುಗಿಸಿ ಸೀನಿಯರ್ ಹತ್ತಿರ ತರಬೇತಿಗೆ ನಿಂತ ಪರಿಶಿಷ್ಟ ಹುಡುಗರಿಗೆ ಸಮಾಜ ಕಲ್ಯಾಣ ಇಲಾಖೆ ತಿಂಗಳ ಶಿಷ್ಯವೇತನ ಕೊಡುತ್ತದೆ. ಅವ್ವಂದಿರ ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಅಂಕಿ ಅದೊಂದೇ. ಅದು ಇದೆ ಅಂತ ಹಾಸ್ಟೆಲುಗಳಲ್ಲಿ ಹೇಳುವ ಕೆಲಸವನ್ನು ನಮ್ಮ ಸಂಘಟನೆಗಳು ಮಾಡಿದ್ದು ಕಡಿಮೆ.

‘ಸಾರ್, ಲಾ ಓದಿದ್ರೆ ಎಷ್ಟು ವರ್ಷಕ್ಕೆ ಮನೆಗೆ ದುಡ್ಡು ಕಳಿಸಬೋದು?’ ಅಂತ ನನ್ನ ಹತ್ತಿರ ಬಂದು ಕೇಳುವ ಹುಡುಗರಿದ್ದಾರೆ. ನಾಲ್ಕೈದು ವರ್ಷ ಕಳಿಸೋಕೆ ಆಗಲ್ಲ ಅಂತ ನೇರವಾಗಿಯೇ ಹೇಳುತ್ತೇನೆ. ಬಹಳ ಜನ ಬಿ.ಎಡ್. ಕಡೆ ಹೋಗುತ್ತಾರೆ. ಒಬ್ಬಳು ಹೋಗಲಿಲ್ಲ. ಪಿಯುಸಿ ಆದ ಕೂಡಲೇ ಜಿಲ್ಲಾ ಕೇಂದ್ರದ ಕಾಲೇಜಿಗೆ ಸೇರಿ ಈಗ ಮೂರನೇ ವರ್ಷದಲ್ಲಿದ್ದಾಳೆ. ಅವಳ ತಾತನಿಗೆ ಮಂಜೂರಾದ ಎರಡು ಎಕರೆ ಈಗ ಬೇರೆಯವರ ಪಹಣಿಯಲ್ಲಿದೆ. ರಜೆಗೆ ಊರಿಗೆ ಬಂದಾಗ ಎ.ಸಿ. ಕಚೇರಿಗೆ ಹೋಗಿ ಮೂಲ ಮಂಜೂರಾತಿ ಕಡತದ ನಕಲು ಕೇಳಿದ್ದಾಳೆ. ಕಡತ ಸಿಗುತ್ತಿಲ್ಲ ಅಂದರಂತೆ. ಸಿಗುತ್ತಿಲ್ಲ ಅಂತ ಬರೆದುಕೊಡಿ ಎಂದು ಅರ್ಜಿ ಹಾಕಿ ಬಂದಿದ್ದಾಳೆ.